ಹೊಳೆಯ ನೀರು ಕಡಲು ಸೇರಿದರೆ ಪೋಲಾಯಿತೇ?

ಪ್ರಶ್ನೆ: ಉತ್ತರ ಕನ್ನಡದಲ್ಲಿ ಇಷ್ಟೊಂದು ಮಳೆ ಬೀಳುತ್ತದೆ, ಆ ನೀರೆಲ್ಲ ಸುಮ್ಮನೆ ಸಮುದ್ರ ಸೇರಿ ಪೋಲಾಗುತ್ತದೆ. ಅದನ್ನು ತಡೆದು ಬಯಲುಸೀಮೆಗೆ ಕೊಟ್ಟರೆ ನಮಗಾಗುವ ನಷ್ಟವಾದರೂ ಏನು?

ಉತ್ತರ: ಈ ಪ್ರಶ್ನೆ ವರ್ಷಕ್ಕೆ ಎರಡು ಸಲ ತಪ್ಪದೆ ಬರುತ್ತದೆ. ಜುಲೈಯಲ್ಲಿ ಹೊಳೆ ಕೆಂಪಾಗಿ ದಡ ಮೀರುವಾಗ ಒಮ್ಮೆ, ಏಪ್ರಿಲ್‌ನಲ್ಲಿ ಕೊಡಪಾನ ಬಾವಿಯ ತಳಕ್ಕೆ ತಾಗುವಾಗ ಇನ್ನೊಮ್ಮೆ. ಎರಡು ಸಾಲಿನ ಉತ್ತರ ಕೊಟ್ಟು ಕೊಟ್ಟು ಪ್ರಯೋಜನವಾಗದ ಕಾರಣ ಈ ಸಲ ವಿವರವಾಗಿಯೇ ಬರೆಯುತ್ತಿದ್ದೇನೆ. ಮುಂದೆ ಕೇಳುವವರಿಗೆ ಇದನ್ನೇ ಓದಲು ಕೊಟ್ಟರೆ ನನ್ನ ಶ್ರಮವೂ ಉಳಿಯುತ್ತದೆ.

ಮೊದಲು ಪ್ರಶ್ನೆಯಲ್ಲಿರುವ 'ನೀರೆಲ್ಲ' ಎಂಬ ಪದವನ್ನು ನೋಡೋಣ. ನಮ್ಮ ಜಿಲ್ಲೆಯ ದೊಡ್ಡ ನದಿಗಳು ನಾಲ್ಕು: ಕಾಳಿ, ಗಂಗಾವಳಿ, ಅಘನಾಶಿನಿ, ಶರಾವತಿ. ಇವುಗಳಲ್ಲಿ ಶರಾವತಿಗೆ 1964ರಲ್ಲಿಯೇ ಲಿಂಗನಮಕ್ಕಿಯಲ್ಲಿ ಅಣೆಕಟ್ಟು ಬಂತು. ಅಲ್ಲಿ ನಿಲ್ಲುವ ನೀರು ಸುಮಾರು 151 ಟಿಎಂಸಿ (ಒಂದು ಟಿಎಂಸಿ ಎಂದರೆ ನೂರು ಕೋಟಿ ಘನ ಅಡಿ). ಕಾಳಿಗೆ ಸೂಪಾ, ಬೊಮ್ಮನಹಳ್ಳಿ, ಕೊಡಸಳ್ಳಿ, ಕದ್ರಾ ಎಂದು ಸಾಲಾಗಿ ಅಣೆಕಟ್ಟುಗಳಿವೆ, ಸೂಪಾ ಒಂದರಲ್ಲೇ ಸುಮಾರು 145 ಟಿಎಂಸಿ ಹಿಡಿಯುತ್ತದೆ, ಕದ್ರಾ ಜಲಾಶಯದ ನೀರನ್ನು ನಂಬಿ ಕೈಗಾ ಸ್ಥಾವರ ನಿಂತಿದೆ. ನಾಲ್ಕರಲ್ಲಿ ಎರಡು ನದಿಗಳನ್ನು ಈಗಾಗಲೇ ಇಷ್ಟರ ಮಟ್ಟಿಗೆ ದುಡಿಸಿಕೊಂಡ ಮೇಲೂ 'ಎಲ್ಲ ನೀರೂ ಪೋಲು' ಎಂಬ ಮಾತು ಹೇಗೆ ಉಳಿದುಕೊಂಡಿದೆಯೋ ನನಗೆ ಅರ್ಥವಾಗುವುದಿಲ್ಲ. ಕಾಳಿಯ ಬಾಯಲ್ಲೇ ಇರುವ ಕಾರವಾರ ಪಟ್ಟಣವು ಕುಡಿಯುವುದು ಮಾತ್ರ ಅಂಕೋಲಾ ತಾಲೂಕಿನ ಗಂಗಾವಳಿಯ ನೀರನ್ನು. ಕುಮಟಾ, ಹೊನ್ನಾವರಗಳಿಗೆ ಅಘನಾಶಿನಿಯ ನೀರು. ಅಂದರೆ ಪೋಲಾಗುತ್ತಿದೆ ಎನ್ನಲಾಗುವ ಆ ಉಳಿದೆರಡು ನದಿಗಳೇ ಕರಾವಳಿಯ ಈ ಪಟ್ಟಣಗಳ ಕೊಡ ತುಂಬಿಸುತ್ತಿವೆ.

ಇನ್ನು 'ಪೋಲು' ಎಂಬ ಪದಕ್ಕೆ ಬರುತ್ತೇನೆ. ಉತ್ತರದ ಮುಕ್ಕಾಲು ಪಾಲು ಇದಕ್ಕೇ ಮೀಸಲು, ಏಕೆಂದರೆ ತೊಂದರೆಯ ಬೇರು ಇರುವುದು ಈ ಪದದಲ್ಲಿ. ಕೊಳಾಯಿ ತಿರುಗಿಸಲು ಮರೆತು ಬಚ್ಚಲಿಗೆ ಹೋದ ನೀರು ಪೋಲು. ಅದರಿಂದ ಯಾರಿಗೂ ಏನೂ ಆಗಲಿಲ್ಲ. ಅಳಿವೆಯಲ್ಲಿ ಕಡಲನ್ನು ಸೇರುವ ಹೊಳೆಯ ನೀರು ಹಾಗಲ್ಲ. ಸಮುದ್ರದ ಒಂದು ಲೀಟರ್ ನೀರಿನಲ್ಲಿ ಸುಮಾರು 35 ಗ್ರಾಂ ಉಪ್ಪಿರುತ್ತದೆ, ಹೊಳೆಯ ನೀರಿನಲ್ಲಿ ಹೆಚ್ಚುಕಡಿಮೆ ಇಲ್ಲವೇ ಇಲ್ಲ. ಇವೆರಡರ ನಡುವಿನ ಎಲ್ಲ ಮಟ್ಟದ ಉಪ್ಪೂ ಅಳಿವೆಯಲ್ಲಿ ಸಿಗುತ್ತದೆ, ಅದೂ ತಿಂಗಳಿಂದ ತಿಂಗಳಿಗೆ, ಭರತದಿಂದ ಇಳಿತಕ್ಕೆ ಬದಲಾಗುತ್ತ. ತದಡಿಯ ಎದುರಿನ ಅಘನಾಶಿನಿ ಅಳಿವೆಯು ಜುಲೈಯಲ್ಲಿ ಬಹುಪಾಲು ಸಿಹಿನೀರು. ಮಾರ್ಚ್‌ನಲ್ಲಿ ಅದೇ ಅಳಿವೆಯ ನೀರನ್ನು ಸಾಣಿಕಟ್ಟೆಯ ಆಗರಗಳಲ್ಲಿ ನಿಲ್ಲಿಸಿ ಉಪ್ಪು ತೆಗೆಯುತ್ತಾರೆ. ಒಂದೇ ಜಾಗ, ಎಂಟು ತಿಂಗಳ ಅಂತರ. ಈ ಏರಿಳಿತವನ್ನು ನಡೆಸುವುದು ಘಟ್ಟದಿಂದ ಇಳಿದು ಬರುವ ನೀರು.

ಗಜನಿ ಗದ್ದೆಗಳನ್ನು, ಅಂದರೆ ಅಳಿವೆಯ ದಂಡೆಯಲ್ಲಿ ಭರತದ ಉಪ್ಪುನೀರು ನುಗ್ಗುವ ತಗ್ಗು ಗದ್ದೆಗಳನ್ನು, ನೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ, ಆದರೂ ಹೇಳುತ್ತೇನೆ. ಬೇಸಿಗೆಯಿಡೀ ಉಪ್ಪುನೀರು ಆಡಿದ ಗದ್ದೆಯನ್ನು ಜೂನ್‌ನ ಮಳೆಯೂ ಏರಿದ ಹೊಳೆಯೂ ತೊಳೆಯುತ್ತವೆ. ಆಮೇಲೆ ಕುಮಟಾ ತಾಲೂಕಿನ ಮಾಣಿಕಟ್ಟಾದಂಥ ಊರುಗಳಲ್ಲಿ ಕಗ್ಗ ಭತ್ತ ಬಿತ್ತುತ್ತಾರೆ. ಆಳೆತ್ತರ ಬೆಳೆಯುವ, ಅಷ್ಟಿಷ್ಟು ಉಪ್ಪನ್ನೂ ನೆರೆಯನ್ನೂ ತಾಳಿಕೊಳ್ಳುವ, ಗೊಬ್ಬರ ಕೇಳದ ತಳಿ ಅದು. ಕೊಯ್ಲು ಮುಗಿದ ಮೇಲೆ ಕಟ್ಟೆಯ ಬಾಗಿಲು ತೆಗೆದು ಭರತದ ನೀರನ್ನು ಒಳಗೆ ಬಿಡುತ್ತಾರೆ. ನೀರಿನೊಂದಿಗೆ ಬರುವ ಸಿಗಡಿಯ, ಮೀನಿನ ಮರಿಗಳು ಕೊಳೆತ ಕೂಳೆಯ ನಡುವೆ ಬೆಳೆಯುತ್ತವೆ. ಒಂದೇ ಗದ್ದೆಯಲ್ಲಿ ಅನ್ನವೂ ಮೀನೂ. ಕಗ್ಗ ಎಷ್ಟು ಗಟ್ಟಿಯಾದರೂ ಉಪ್ಪು ತೊಳೆಯದ ಮಣ್ಣಿನಲ್ಲಿ ಅದರ ಮೊಳಕೆ ಏಳುವುದಿಲ್ಲ. ತೊಳೆಯುವ ಆ ನೀರು ಯಾವ ಲೆಕ್ಕದ ಪುಸ್ತಕದಲ್ಲಿಯೂ 'ನೀರಾವರಿ' ಎಂದು ಬರೆದಿರುವುದಿಲ್ಲ. ಬರೆಯದ್ದರಿಂದಲೇ ಅದು ಪೋಲಿನ ಖಾತೆಗೆ ಬೀಳುತ್ತದೆ.

ಇಳಿತದ ಹೊತ್ತಿನಲ್ಲಿ ಸೊಂಟಮಟ್ಟದ ನೀರಿನಲ್ಲಿ ನಿಂತು ಬೆಳಚು, ಚಿಪ್ಪಿಕಲ್ಲು ಆರಿಸುವ ಹೆಂಗಸರ ದುಡಿಮೆಯೂ ಅದೇ ಖಾತೆಯಲ್ಲಿದೆ. ಒಂದು ಜಾತಿಯ ಚಿಪ್ಪಿಗೆ ಅಳಿವೆಬಾಯಿಯ ಹೆಚ್ಚು ಉಪ್ಪು ಬೇಕು, ಇನ್ನೊಂದಕ್ಕೆ ಮೇಲ್ಗಡೆಯ ಸಪ್ಪೆ ನೀರು. 2024ರಲ್ಲಿ ಈ ಅಳಿವೆಯ 4,801 ಹೆಕ್ಟೇರ್ ಪ್ರದೇಶ ಅಂತರರಾಷ್ಟ್ರೀಯ ಮಹತ್ವದ ಜೌಗುಪ್ರದೇಶಗಳ ರಾಮ್ಸಾರ್ ಪಟ್ಟಿಗೆ ಸೇರಿದಾಗ, ಇದನ್ನು ಅವಲಂಬಿಸಿದ ಕುಟುಂಬಗಳು 6,000ದಿಂದ 7,500 ಎಂದು ಕೇಂದ್ರ ಸರ್ಕಾರವೇ ಹೇಳಿತು. ದೊಡ್ಡ ಅಣೆಕಟ್ಟು ಕಾಣದ ನದಿಯ ಅಳಿವೆಗೆ ಈ ಮಾನ್ಯತೆ ಬಂದಿರುವುದು ಕಾಕತಾಳೀಯವೆಂದು ನನಗೆ ಅನ್ನಿಸುವುದಿಲ್ಲ.

'ಸರಿ, ಸಿಹಿನೀರು ಬೇಕು ಅನ್ನಿ, ಅಣೆಕಟ್ಟಿನಿಂದಲೇ ವರ್ಷವಿಡೀ ಹದವಾಗಿ ಬಿಟ್ಟರಾಯಿತಲ್ಲ' ಎಂದು ಜಾಣ ಓದುಗರೊಬ್ಬರು ಹಿಂದೆ ಕೇಳಿದ್ದರು. ಆ ಪ್ರಯೋಗ ಪಕ್ಕದಲ್ಲೇ ನಡೆದುಹೋಗಿದೆ. ಶರಾವತಿಯಲ್ಲಿ ವಿದ್ಯುತ್ ಉತ್ಪಾದಿಸಿ ಬಿಡುವ ನೀರು ಬೇಸಿಗೆಯಲ್ಲಿಯೂ ಹೊನ್ನಾವರದತ್ತ ಹರಿಯುತ್ತಿರುವುದರಿಂದ ಅಲ್ಲಿನ ಅಳಿವೆಯಲ್ಲಿ ಉಪ್ಪಿನಂಶ ತೀರ ಇಳಿದು ಚಿಪ್ಪಿಕಲ್ಲಿನ ವೈವಿಧ್ಯ ಕುಗ್ಗಿದೆ ಎಂಬುದನ್ನು ಭಾರತೀಯ ವಿಜ್ಞಾನ ಸಂಸ್ಥೆಯ ಸಂಶೋಧಕರು ತೋರಿಸಿದ್ದಾರೆ. ನೀರು ಕಡಿಮೆಯಾದರೆ ಮಾತ್ರವಲ್ಲ, ಹೊತ್ತಲ್ಲದ ಹೊತ್ತಿನಲ್ಲಿ ಬಂದರೂ ಅಳಿವೆ ಕೆಡುತ್ತದೆ. ಇದನ್ನು ತರಗತಿಯಲ್ಲಿ ಹೇಳಿದಾಗ ಹಿಂದಿನ ಬೆಂಚಿನ ಹುಡುಗರೂ ತಲೆಯೆತ್ತುತ್ತಿದ್ದರು ಎಂಬುದು ನನ್ನ ಸಣ್ಣ ಹೆಮ್ಮೆ.

ಮರಳಿನ ವಿಷಯ ಚಿಕ್ಕದು: ಕಡಲತೀರಕ್ಕೆ ಮರಳು ತರುವುದರಲ್ಲಿ ಹೊಳೆಗಳ ಪಾಲು ದೊಡ್ಡದು, ಜಲಾಶಯದ ತಳದಲ್ಲಿ ಹೂಳಾಗಿ ಕುಳಿತ ಮರಳು ತೀರಕ್ಕೆ ಬರುವುದಿಲ್ಲ.

ನಮ್ಮ ಕಡೆಯವರದ್ದೇ ಒಂದು ತಪ್ಪನ್ನೂ ಇಲ್ಲಿ ತಿದ್ದಬೇಕು. ಹೊಳೆಗಳು ಕಡಲು ಸೇರದಿದ್ದರೆ ಮಳೆಯೇ ನಿಂತುಹೋಗುತ್ತದೆ ಎಂದು ಸಭೆಗಳಲ್ಲಿ ಹೇಳುವವರಿದ್ದಾರೆ. ಮುಂಗಾರಿನ ತೇವ ಬರುವುದು ಹಿಂದೂ ಮಹಾಸಾಗರ ಮತ್ತು ಅರಬ್ಬಿ ಸಮುದ್ರದ ಅಗಾಧ ಹರವಿನಿಂದ. ಗಂಗಾವಳಿಯ ನೀರು ಸೇರಲಿಲ್ಲವೆಂದು ಸಾಗರ ಆವಿಯಾಗುವುದನ್ನು ನಿಲ್ಲಿಸುವುದಿಲ್ಲ. ಗಟ್ಟಿಯಾದ ವಾದಗಳು ಇಷ್ಟಿರುವಾಗ ಪೊಳ್ಳು ವಾದವನ್ನು ಹಿಡಿದು ನಗೆಗೀಡಾಗುವುದೇಕೆ?

ಗಂಗಾವಳಿಯ ಮೇಲ್ಭಾಗವಾದ ಬೇಡ್ತಿಯ ನೀರನ್ನು ವರದಾ ನದಿಗೆ ತಿರುಗಿಸಿ ಬಯಲುಸೀಮೆಗೆ ಒಯ್ಯುವ ಬೇಡ್ತಿ–ವರದಾ ಜೋಡಣೆಯ ಬಗ್ಗೆ ನನ್ನ ನಿಲುವನ್ನೂ ಹಲವರು ಕೇಳಿದ್ದಾರೆ. ಬಯಲುಸೀಮೆಯ ಬಾಯಾರಿಕೆ ಸುಳ್ಳಲ್ಲ, ಅದನ್ನು ಹಗುರಾಗಿ ಮಾತನಾಡುವುದು ತಪ್ಪು. ಆದರೆ ನಮ್ಮ ವರ್ಷದ ಮಳೆಯಲ್ಲಿ ಹತ್ತರಲ್ಲಿ ಎಂಟು ಪಾಲಿಗೂ ಹೆಚ್ಚು ಜೂನ್‌ನಿಂದ ಸೆಪ್ಟೆಂಬರ್ ಒಳಗೆ ಬಿದ್ದುಹೋಗುತ್ತದೆ. ಬೇಸಿಗೆಗೆ ಬೇಕೆಂದರೆ ಅದನ್ನು ಎಲ್ಲೋ ಹಿಡಿದಿಡಬೇಕು, ಹಿಡಿದಿಡುವ ಕಣಿವೆ ಕಾಡಾಗಿರುತ್ತದೆ. ವಿಚಿತ್ರವೆಂದರೆ ಆ ಕಾಡೇ ನಮ್ಮ ಬೇಸಿಗೆಯ ಜಲಾಶಯ. ಏಪ್ರಿಲ್‌ನಲ್ಲಿ ಶಿರಸಿ, ಸಿದ್ದಾಪುರದ ಹಳ್ಳಗಳಲ್ಲಿ ಹರಿಯುವುದು ಹಿಂದಿನ ಜುಲೈಯ ಮಳೆ. ಕಾನಿನ (ನಿತ್ಯಹಸಿರು ಕಾಡಿನ) ಒಣ ದರಕೆಲೆ ಹೊದ್ದ ಮಣ್ಣು, ಕತ್ತಲೆಕಾನಿನಂಥಲ್ಲಿ ರಾಮಪತ್ರೆ ಮರಗಳು ಬೆಳೆಯುವ ಜೌಗಾದ ಜಡ್ಡಿಗಳು ಅದನ್ನು ಹಿಡಿದಿಟ್ಟು ಸ್ವಲ್ಪ ಸ್ವಲ್ಪವಾಗಿ ಬಿಡುತ್ತವೆ. ಒಂದು ಜಲಾಶಯ ಕಟ್ಟಲು ಇನ್ನೊಂದನ್ನು ಮುಳುಗಿಸುವಾಗ ಕೂಡಿಸುವ ಲೆಕ್ಕದ ಪಕ್ಕದಲ್ಲಿ ಕಳೆಯುವ ಲೆಕ್ಕವೂ ಇರಬೇಕು ಎಂಬುದಷ್ಟೇ ನನ್ನ ನಿಲುವು.

ಇಷ್ಟು ಬರೆದ ಮೇಲೆ ಯಾರೂ ಕೇಳದ ಒಂದು ಪ್ರಶ್ನೆಗೂ ಉತ್ತರ ಹೇಳಿಬಿಡುತ್ತೇನೆ: ಕರಾವಳಿಯ ಬಾವಿಗಳು ಮೇ ತಿಂಗಳಲ್ಲಿ ಉಪ್ಪಾಗುವುದೇಕೆ? ಉಪ್ಪುನೀರು ಸಿಹಿನೀರಿಗಿಂತ ತುಸು ಭಾರ. ಆದ್ದರಿಂದ ನೆಲದಡಿಯಲ್ಲಿ ಮಳೆಯ ನೀರು ಉಪ್ಪುನೀರಿನ ಮೇಲೆ ತೇಲುತ್ತದೆ. ಅಂತರ್ಜಲದ ಮಟ್ಟ ಸಮುದ್ರಮಟ್ಟಕ್ಕಿಂತ ಒಂದು ಅಡಿ ಮೇಲಿದ್ದರೆ ಅದರ ಕೆಳಗೆ ಸುಮಾರು 40 ಅಡಿ ಸಿಹಿನೀರು ನಿಂತಿರುತ್ತದೆ ಎಂಬುದು ಸರಿಸುಮಾರು ಲೆಕ್ಕ. ಈ ಲೆಕ್ಕ ಹಿಂದುಮುಂದಾಗಿಯೂ ನಡೆಯುತ್ತದೆ: ಮೋಟಾರು ಹಚ್ಚಿ ಆ ಮಟ್ಟವನ್ನು ಒಂದು ಅಡಿ ಇಳಿಸಿ ಅಲ್ಲಿಯೇ ನಿಲ್ಲಿಸಿದರೆ ಕೆಳಗಿನ ಉಪ್ಪು ಕ್ರಮೇಣ 40 ಅಡಿಯಷ್ಟು ಮೇಲೇರಲು ಹವಣಿಸುತ್ತದೆ. ಹೊಳೆಯಲ್ಲಿ ಸಿಹಿನೀರಿನ ಹರಿವು ತೆಳುವಾದಷ್ಟೂ ಭರತದ ಉಪ್ಪು ಒಳನಾಡಿನತ್ತ ಏರಿ ದಂಡೆಯ ಬಾವಿಗಳನ್ನು ಪಕ್ಕದಿಂದಲೂ ತಟ್ಟುತ್ತದೆ. ಹಳಬರ ಆಳವಿಲ್ಲದ ಅಗಲ ಬಾವಿಯಲ್ಲಿ ನೀರು ಸಿಹಿಯಾಗಿ ಉಳಿದು, ಪಕ್ಕದಲ್ಲೇ ಆಳವಾಗಿ ಕೊರೆದ ಕೊಳವೆಬಾವಿ ಉಪ್ಪು ಕಾರುವುದು ಹಲವು ಕಡೆ ಇದೇ ಕಾರಣಕ್ಕೆ. ಬಾವಿ ಉಪ್ಪಾಯಿತೆಂದು ಇನ್ನೂ ಆಳಕ್ಕೆ ತೋಡಿಸಲು ಹೊರಟವರು ದಯವಿಟ್ಟು ಮೊದಲು ಮೋಟಾರು ಓಡುವ ತಾಸುಗಳನ್ನು ಕಡಿಮೆ ಮಾಡಿ ಎರಡು ವಾರ ನೋಡಿ. ತೋಡುವವರಿಗೆ ಮುಂಗಡ ಕೊಡುವುದು ಆಮೇಲೂ ಆದೀತು.