ವ್ಯಭಿಚಾರ: ಮಾತೇ ಕೊಡದ ಕಡೆ ಈ ಪದಕ್ಕೇನು ಕೆಲಸ?

ಮೊನ್ನೆ ಟಿವಿ ಚರ್ಚೆಯೊಂದರಲ್ಲಿ ಮತ್ತೆ ಅದೇ ಮಾತು: ‘ಲಿವ್-ಇನ್ ಅಂದರೆ ಇಂಗ್ಲಿಷ್ ಹೆಸರಿಟ್ಟುಕೊಂಡ ವ್ಯಭಿಚಾರ, ಅಷ್ಟೇ.’ ನಿರೂಪಕರು ತಲೆಯಾಡಿಸಿದರು. ಎದುರು ಕೂತವರು ಸಂವಿಧಾನ, ವ್ಯಕ್ತಿಸ್ವಾತಂತ್ರ್ಯ ಅಂತ ಶುರುಮಾಡಿದರು. ಆ ಪದ ಇಲ್ಲಿ ಹೊಂದುತ್ತದೆಯೇ ಅಂತ ಒಬ್ಬರೂ ಕೇಳಲಿಲ್ಲ. ಲಾಡ್ಜ್ ಮೇಲೆ ಪೊಲೀಸರು ದಾಳಿ ಮಾಡಿದರೆ ‘ವ್ಯಭಿಚಾರ ದಂಧೆ’, ಕಾಲೇಜು ಹುಡುಗ ಹುಡುಗಿ ಪಾರ್ಕಿನಲ್ಲಿ ಕೂತರೆ ವ್ಯಭಿಚಾರ, ವಿಚ್ಛೇದನ ಪಡೆದ ನಟಿ ಇನ್ನೊಬ್ಬರ ಜೊತೆ ಫೋಟೊ ಹಾಕಿದರೆ ಅದರ ಕೆಳಗೂ ವ್ಯಭಿಚಾರ. ಹೀಗೆ ಸಿಕ್ಕಸಿಕ್ಕಲ್ಲಿ ಎಸೆಯುವುದಾದರೆ ಅದು ಪದವಲ್ಲ, ಕಲ್ಲು.

ಪದವನ್ನು ಬಿಡಿಸಿ ನೋಡೋಣ. ‘ಚರ್’ ಅಂದರೆ ನಡೆ, ಓಡಾಡು. ಆಚಾರ, ವಿಚಾರ, ಸಂಚಾರ, ಪ್ರಚಾರ, ಉಪಚಾರ ಎಲ್ಲ ಇದೇ ಬೇರಿನವು. ಅದರ ಮುಂದೆ ‘ವಿ’, ‘ಅಭಿ’ ಎಂಬ ಎರಡು ಉಪಸರ್ಗ ಸೇರಿವೆ. ಇರಬೇಕಾದ ಕಡೆ ಇರದೆ ಅತ್ತಿತ್ತ ಸರಿಯುವುದು, ನೆಲೆ ತಪ್ಪುವುದು, ಇಷ್ಟೇ ಮೂಲಾರ್ಥ. ಇದರಲ್ಲಿ ಹೆಣ್ಣಿಲ್ಲ, ಗಂಡಿಲ್ಲ, ಹಾಸಿಗೆಯಂತೂ ಇಲ್ಲವೇ ಇಲ್ಲ. (‘ಅಭಿಚಾರ’ವನ್ನಷ್ಟೇ ಕಿತ್ತು ನೋಡಿದರೆ ಮಾಟ ಎಂಬ ಅರ್ಥವಿದೆ. ಅದು ಬೇರೆಯೇ ಕವಲು, ವಶೀಕರಣದ ಜಾಹೀರಾತಿನವರು ಖುಷಿಪಡಬೇಕಾಗಿಲ್ಲ.)

ಈ ಪದವನ್ನು ಅತ್ಯಂತ ಬಿಗಿಯಾಗಿ ಬಳಸಿದವರು ನೀತಿ ಹೇಳುವವರಲ್ಲ, ತರ್ಕ ಹೇಳುವವರು. ನ್ಯಾಯಶಾಸ್ತ್ರದಲ್ಲಿ ‘ಸವ್ಯಭಿಚಾರ’ ಎನ್ನುವುದು ಒಂದು ಹೇತ್ವಾಭಾಸ, ಅಂದರೆ ಸರಿಯಾಗಿ ಕಾಣುವ ಹುಸಿ ಕಾರಣ. ಬೆಟ್ಟದಲ್ಲಿ ಹೊಗೆ ಕಂಡರೆ ಬೆಂಕಿ ಇದೆ ಅನ್ನಬಹುದು, ಸರಿ. ತಿರುಗಿಸಿ ‘ಬೆಂಕಿ ಇದೆ, ಆದ್ದರಿಂದ ಹೊಗೆಯೂ ಇದೆ’ ಅಂದರೆ? ಕುಲುಮೆಯಲ್ಲಿ ಕಾದು ಕೆಂಪಾದ ಕಬ್ಬಿಣದ ಗುಂಡು ನೋಡಿ. ಬೆಂಕಿ ಇದೆ, ಹೊಗೆ ಇಲ್ಲ. ಬೆಂಕಿಯು ಹೊಗೆಯ ಜೊತೆಗೇ ಇರುತ್ತೇನೆಂಬ ಕಟ್ಟುಪಾಡಿಗೆ ನಿಲ್ಲಲಿಲ್ಲ, ಹೊಗೆ ಇಲ್ಲದ ಕಡೆಯೂ ಕಾಣಿಸಿಕೊಂಡಿತು. ನೈಯಾಯಿಕರು ಇದನ್ನೇ ‘ವ್ಯಭಿಚಾರ’ ಅನ್ನುತ್ತಾರೆ. ಈ ದೋಷಕ್ಕೆ ಇನ್ನೊಂದು ಹೆಸರು ‘ಅನೈಕಾಂತಿಕ’, ಒಂದೇ ತುದಿಗೆ ನಿಲ್ಲದ್ದು. ಶತಮಾನಗಳ ಕಾಲ ಪಾಠಶಾಲೆಗಳಲ್ಲಿ ಮೀಸೆ ಮೂಡದ ಹುಡುಗರು ಈ ಪದವನ್ನು ಗಟ್ಟಿ ದನಿಯಲ್ಲಿ ಬಾಯಿಪಾಠ ಮಾಡಿದ್ದಾರೆ. ಯಾರೂ ನಾಚಿಕೊಂಡಿರಲಾರರು.

ಭಗವದ್ಗೀತೆಗೆ ಬನ್ನಿ. 13ನೇ ಅಧ್ಯಾಯದಲ್ಲಿ ಜ್ಞಾನದ ಲಕ್ಷಣಗಳನ್ನು ಹೇಳುವಾಗ ‘ಭಕ್ತಿರವ್ಯಭಿಚಾರಿಣೀ’ ಎಂಬ ಮಾತು ಬರುತ್ತದೆ, ಅತ್ತಿತ್ತ ಹೋಗದ ಭಕ್ತಿ. 14ರಲ್ಲಿ ‘ಅವ್ಯಭಿಚಾರೇಣ ಭಕ್ತಿಯೋಗೇನ’. 18ರಲ್ಲಿ ಧೃತಿಗೂ ಅದೇ ವಿಶೇಷಣ. ಬೆಳಿಗ್ಗೆ ಗೀತಾ ಪಾರಾಯಣ ಮಾಡಿ ಸಂಜೆ ಫೇಸ್‌ಬುಕ್ಕಿನಲ್ಲಿ ‘ವ್ಯಭಿಚಾರಿಗಳು’ ಎಂದು ಗುಡುಗುವವರು ಈ ಮೂರು ಕಡೆ ಕಣ್ಣು ಹಾಯಿಸಿದರೆ ಒಳ್ಳೆಯದು. ಅಲ್ಲಿನ ಲೆಕ್ಕದಲ್ಲಿ ಒಂದು ದೇವರನ್ನು ನಂಬಿದೆನೆಂದು ಹೇಳಿ, ಕೆಲಸ ಆಗಲಿಲ್ಲವೆಂದು ಇನ್ನೊಂದು ದೇವರಿಗೆ ಹರಕೆ ಕಟ್ಟುವುದೂ ವ್ಯಭಿಚಾರವೇ.

ಕಾವ್ಯಮೀಮಾಂಸೆಯಲ್ಲಂತೂ ಪದಕ್ಕೆ ಸಲ್ಲುವುದು ಮರ್ಯಾದೆಯೇ. ಭರತನ ನಾಟ್ಯಶಾಸ್ತ್ರ ಎಣಿಸುವ ವ್ಯಭಿಚಾರಿ ಭಾವಗಳು 33. ನಿರ್ವೇದ, ಗ್ಲಾನಿ, ಶಂಕೆ, ಅಸೂಯೆ ಹೀಗೆ ಬಂದು ಹೋಗುವ ಭಾವಗಳವು. ಇವಕ್ಕೆ ಸಂಚಾರಿ ಭಾವ ಎಂದೂ ಹೆಸರುಂಟು. ಕಾಲೇಜುಗಳಲ್ಲಿ ಈಗ ‘ಸಂಚಾರಿ’ಯೇ ಹೆಚ್ಚು ಕೇಳುವುದಕ್ಕೆ ಶಾಸ್ತ್ರೀಯ ಕಾರಣಕ್ಕಿಂತ ಮೇಷ್ಟರುಗಳ ಸಂಕೋಚವೇ ಕಾರಣ ಎಂದು ನನ್ನ ಗುಮಾನಿ. ಇಲ್ಲಿಯೂ ಗಮನಿಸಿ: ವ್ಯಭಿಚಾರಿ ಇರಬೇಕಾದರೆ ಮೊದಲು ‘ಸ್ಥಾಯಿ’, ಅಂದರೆ ನೆಲೆನಿಂತ ಭಾವ, ಇರಬೇಕು.

ನನ್ನ ತಕರಾರು ಇರುವುದೇ ಇಲ್ಲಿ. ಒಂದು ನೆಲೆ, ಒಂದು ನಂಟು, ಒಂದು ಕೊಟ್ಟ ಮಾತು ಮೊದಲು ಇರಬೇಕು. ಅದನ್ನು ತಪ್ಪಿದಾಗ ಮಾತ್ರ ವ್ಯಭಿಚಾರ. ಮದುವೆಯಾಗದ ಇಬ್ಬರು ವಯಸ್ಕರು ಒಬ್ಬರಿಗೊಬ್ಬರು ಒಪ್ಪಿ ಒಂದೇ ಮನೆಯಲ್ಲಿದ್ದರೆ ಅವರು ಯಾರಿಗೆ ಕೊಟ್ಟ ಮಾತನ್ನು ತಪ್ಪಿದರು? ನಿಮಗೆ ಇಷ್ಟವಾಗದಿರಬಹುದು, ಪಾಪ ಎನಿಸಬಹುದು. ಹಾಗಂತ ಹೇಳಲು ಕನ್ನಡದಲ್ಲಿ ಬೇಕಾದಷ್ಟು ಪದಗಳಿವೆ. ಇದೊಂದು ಮಾತ್ರ ಅಲ್ಲಿಗೆ ಹೊಂದುವುದಿಲ್ಲ.

ಮದುವೆಯ ಹೊರಗೆ ನಿಷ್ಠೆಯೇ ಇಲ್ಲ ಎನ್ನುವವರಿಗೆ ನಮ್ಮ 12ನೇ ಶತಮಾನದಲ್ಲೇ ಒಂದು ಉತ್ತರವಿದೆ. ಸೂಳೆ ಸಂಕವ್ವೆಯ ವಚನ. ‘ಒತ್ತೆಯ ಹಿಡಿದು ಮತ್ತೊತ್ತೆಯ ಹಿಡಿಯೆ’ ಎನ್ನುತ್ತಾಳೆ ಆಕೆ, ನಿರ್ಲಜ್ಜೇಶ್ವರನ ಆಣೆ ಇಟ್ಟು. ಒಬ್ಬನಿಂದ ಒತ್ತೆಹಣ ಹಿಡಿದ ಮೇಲೆ ಇನ್ನೊಬ್ಬನದಕ್ಕೆ ಕೈಚಾಚುವುದಿಲ್ಲ, ಹಾಗೆ ಮಾಡಿದರೆ ಕಾದಿರುವ ಶಿಕ್ಷೆ ಏನೆಂದೂ ಬಲ್ಲೆ ಎಂಬುದು ಅವಳ ಮಾತು. ದೇವರ ಮೇಲಿನ ಏಕನಿಷ್ಠೆಯನ್ನು ಹೇಳಲು ಆಕೆ ಎತ್ತಿಕೊಂಡಿದ್ದು ಗರತಿಯ ವ್ರತವನ್ನಲ್ಲ, ತನ್ನ ಕಸುಬಿನ ಕರಾರನ್ನು. ಲಾಡ್ಜ್ ದಾಳಿಯ ಸುದ್ದಿಗೆ ‘ವ್ಯಭಿಚಾರ’ ಎಂದು ಶೀರ್ಷಿಕೆ ಕೊಡುವವರು ಈ ವಚನವನ್ನು ಒಮ್ಮೆ ಓದಬೇಕು. ಹಣಕ್ಕಾಗಿ ನಡೆಯುವುದಕ್ಕೆ ವೇಶ್ಯಾವಾಟಿಕೆ ಎಂಬ ಪದವಿದೆ, ಲೈಂಗಿಕ ವೃತ್ತಿ ಎಂಬ ಪದ ಬಂದೂ ವರ್ಷಗಳಾದವು.

ಪದಗಳು ಯಾವ ಕಡೆಗೆ ವಾಲುತ್ತವೆ ಅನ್ನುವುದೂ ಒಂದು ತಮಾಷೆ. ‘ಮಿಂಡ’ ಅಂದರೆ ಹಿಂದೆ ಪ್ರಾಯದವನು, ಗಟ್ಟಿಗ. ಈಗ ಬೈಗುಳ, ಅದೂ ಹೆಚ್ಚಾಗಿ ಅವನ ಜೊತೆಗಿರುವ ಹೆಂಗಸನ್ನು ಬೈಯಲು. ‘ಸ್ವೇಚ್ಛೆ’ ಎಂದರೆ ತನ್ನ ಇಚ್ಛೆ, ಅದಕ್ಕಿಂತ ಹೆಚ್ಚೇನೂ ಇಲ್ಲ. ಕನ್ನಡದಲ್ಲಿ ಅದಕ್ಕೆ ‘ಆಚಾರ’ ಸೇರಿದ ಕೂಡಲೇ ಹುಬ್ಬು ಗಂಟಾಗುತ್ತದೆ. ಲೈಂಗಿಕ ಸ್ವಾತಂತ್ರ್ಯ ಎಂದು ಒಬ್ಬರು ಬರೆದರೆ ‘ಅಂದರೆ ಸ್ವೇಚ್ಛಾಚಾರ ತಾನೆ?’ ಎಂದು ಕೆಳಗೆ ಹತ್ತು ಜನ. ‘ಸ್ವೈರಿಣಿ’ಯೂ ಹೀಗೇ, ತನ್ನಿಷ್ಟದಂತೆ ನಡೆಯುವವಳು ಎಂಬಲ್ಲಿಂದ ಹೊರಟು ನಡತೆಗೆಟ್ಟವಳಲ್ಲಿಗೆ ಬಂದು ನಿಂತಿತು. ಅದರ ಪುಲ್ಲಿಂಗ ಯಾವುದು ಅಂತ ಕೇಳಿದರೆ ಎಷ್ಟು ಜನ ಹೇಳಿಯಾರು? ಇದೆ. ಛಾಂದೋಗ್ಯ ಉಪನಿಷತ್ತಿನಲ್ಲಿ ಅಶ್ವಪತಿ ಕೈಕೇಯ ಎಂಬ ರಾಜ ತನ್ನ ನಾಡನ್ನು ಹೊಗಳಿಕೊಳ್ಳುತ್ತಾನೆ: ನನ್ನ ರಾಜ್ಯದಲ್ಲಿ ಕಳ್ಳನಿಲ್ಲ, ಜಿಪುಣನಿಲ್ಲ, ಕುಡುಕನಿಲ್ಲ... ‘ನ ಸ್ವೈರೀ, ಸ್ವೈರಿಣೀ ಕುತಃ’. ಸ್ವೈರಿಯೇ ಇಲ್ಲ, ಇನ್ನು ಸ್ವೈರಿಣಿ ಎಲ್ಲಿಂದ ಬರಬೇಕು? ಮೊದಲು ಗಂಡಸಿನ ಲೆಕ್ಕ ಕೊಟ್ಟ ಆ ರಾಜ ಇವತ್ತಿನ ಎಷ್ಟೋ ಪ್ರವಚನಕಾರರಿಗಿಂತ ನೇರ ಮನುಷ್ಯ. ಕನ್ನಡ ಉಳಿಸಿಕೊಂಡಿದ್ದು ಮಾತ್ರ ಸ್ವೈರಿಣಿಯನ್ನು. ಗಂಡಸಿಗೆ ‘ರಸಿಕ’ ಇದೆಯಲ್ಲ, ಸಾಕು.

ಇನ್ನು ಕಾನೂನು. 2018ರ ಸೆಪ್ಟೆಂಬರ್ 27ರಂದು ಸುಪ್ರೀಂ ಕೋರ್ಟ್ ಭಾರತೀಯ ದಂಡ ಸಂಹಿತೆಯ 497ನೇ ಕಲಮನ್ನು ರದ್ದುಮಾಡಿದ ಮೇಲೆ ‘ವ್ಯಭಿಚಾರ ಈಗ ಕಾನೂನುಬದ್ಧ’ ಎಂಬ ಮಾತು ಹುಟ್ಟಿಕೊಂಡಿತು, ಇನ್ನೂ ಸತ್ತಿಲ್ಲ. ಆ ಕಲಂ ಏನು ಹೇಳುತ್ತಿತ್ತು ಅಂತ ಓದಿದವರು ಕಡಿಮೆ ಇರಬೇಕು. ಇನ್ನೊಬ್ಬನ ಹೆಂಡತಿ ಎಂದು ಗೊತ್ತಿದ್ದೂ, ‘ಆ ಗಂಡನ ಸಮ್ಮತಿ ಇಲ್ಲದೆ’ ಅವಳೊಡನೆ ಕೂಡಿದ ಗಂಡಸಿಗೆ ಐದು ವರ್ಷದವರೆಗೆ ಜೈಲು. ಗಂಡ ಒಪ್ಪಿದ್ದರೆ ಅಪರಾಧವೇ ಅಲ್ಲ! ಮದುವೆಯಾದ ಗಂಡಸು ವಿಧವೆಯ ಜೊತೆ, ಅವಿವಾಹಿತೆಯ ಜೊತೆ ಸಂಬಂಧ ಇಟ್ಟುಕೊಂಡರೂ ಈ ಕಲಂ ಅವನ ತಂಟೆಗೆ ಬರುತ್ತಿರಲಿಲ್ಲ. ಅವನ ಹೆಂಡತಿ ಠಾಣೆಗೆ ಹೋದರೆ ದೂರು ಕೊಡುವ ಹಕ್ಕೇ ಅವಳಿಗಿರಲಿಲ್ಲ. ನೊಂದವನು ಎಂದರೆ ‘ಕೈತಪ್ಪಿದ’ ಹೆಂಗಸಿನ ಗಂಡ ಮಾತ್ರ. ಗಂಡ ಊರಲ್ಲಿಲ್ಲದಿದ್ದರೆ ಅವನ ಪರವಾಗಿ ಅವಳನ್ನು ನೋಡಿಕೊಳ್ಳುತ್ತಿದ್ದವನು ಕೋರ್ಟಿನ ಅನುಮತಿ ಪಡೆದು ದೂರು ಕೊಡಬಹುದಿತ್ತು. ಪಕ್ಕದ ಹೊಲದವನು ಬೇಲಿ ಹಾರಿ ಬಂದಾಗ ಕೊಡುವ ದೂರಿಗೂ ಇದಕ್ಕೂ ಏನು ವ್ಯತ್ಯಾಸ? ನಿಷ್ಠೆಯ ಮಾತು ಆ ಕಲಮಿನಲ್ಲಿ ಎಲ್ಲಿಯೂ ಇರಲಿಲ್ಲ. ಇದ್ದದ್ದು ಒಡೆತನ. ಗಂಡ ಹೆಂಡತಿಯ ಒಡೆಯನಲ್ಲ ಎಂದು 2018ರಲ್ಲಿ ಪೀಠ ಹೇಳಿದ್ದು ಅದಕ್ಕೇ.

ಇದು ಸನಾತನವೂ ಅಲ್ಲ. ದಂಡ ಸಂಹಿತೆಗೆ ಬ್ರಿಟಿಷ್ ಅಧಿಕಾರಿ ಮೆಕಾಲೆ ಸಿದ್ಧಪಡಿಸಿದ ಮೊದಲ ಕರಡಿನಲ್ಲಿ ವ್ಯಭಿಚಾರ ಅಪರಾಧವಾಗಿರಲಿಲ್ಲ. ಬಾಲ್ಯದಲ್ಲೇ ಮದುವೆಯಾಗಿ, ಸವತಿಯರ ನಡುವೆ ಕಡೆಗಣಿಸಲ್ಪಟ್ಟ ಈ ದೇಶದ ಹೆಂಗಸರ ಸ್ಥಿತಿಯನ್ನು ನೆನೆದು ಅವನ ಆಯೋಗ ಅದನ್ನು ಕೈಬಿಟ್ಟಿತ್ತು. ಆಮೇಲಿನವರು ಸೇರಿಸಿದರು, 1860ರ ಸಂಹಿತೆಯಲ್ಲಿ ಬಂತು, ಹೆಂಗಸಿಗೆ ಶಿಕ್ಷೆಯ ವಿನಾಯಿತಿಯೊಡನೆ. 1985ರಲ್ಲಿ ಇದೇ ಕಲಮನ್ನು ಎತ್ತಿಹಿಡಿದ ತೀರ್ಪು ಬರೆದವರು ವೈ.ವಿ. ಚಂದ್ರಚೂಡ್. 2018ರಲ್ಲಿ ರದ್ದುಮಾಡಿದ ಐವರಲ್ಲಿ ಅವರ ಮಗ ಡಿ.ವೈ. ಚಂದ್ರಚೂಡ್ ಒಬ್ಬರು. ದಂಡ ಸಂಹಿತೆಯ ಬದಲಿಗೆ 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯಲ್ಲೂ ಈ ಅಪರಾಧವಿಲ್ಲ. ಗಂಡು ಹೆಣ್ಣು ಇಬ್ಬರಿಗೂ ಅನ್ವಯಿಸುವಂತೆ ಮರಳಿ ತನ್ನಿ ಎಂದು ಸಂಸದೀಯ ಸಮಿತಿ ಸಲಹೆ ಕೊಟ್ಟಿತ್ತು, ಸರ್ಕಾರ ತರಲಿಲ್ಲ.

ಹಾಗಾದರೆ ವ್ಯಭಿಚಾರಕ್ಕೆ ಕಾನೂನಿನಲ್ಲಿ ಬೆಲೆಯೇ ಇಲ್ಲವೇ? ಇದೆ. ಇದು ವಿಚ್ಛೇದನಕ್ಕೆ ಕಾರಣ, ಗಂಡನಿಗೂ ಹೆಂಡತಿಗೂ ಸಮಾನವಾಗಿ. ಹಿಂದೂ ವಿವಾಹ ಕಾಯ್ದೆಯಲ್ಲಿ ಮೊದಲು ‘ವ್ಯಭಿಚಾರದಲ್ಲಿ ಜೀವಿಸುತ್ತಿರುವುದು’ ಸಾಬೀತಾಗಬೇಕಿತ್ತು, 1976ರ ತಿದ್ದುಪಡಿಯ ಮೇಲೆ ಒಂದೇ ಸಲವಾದರೂ ಸಾಕು. ವ್ಯಭಿಚಾರದಲ್ಲಿ ಜೀವಿಸುತ್ತಿರುವ ಹೆಂಡತಿಗೆ ಜೀವನಾಂಶ ಸಿಗುವುದಿಲ್ಲ ಎಂಬ ಮಾತೂ ಹಾಗೇ ಉಳಿದಿದೆ. ಅಲ್ಲಿ ಮಾತ್ರ ಒಂದು ಸಲದ ತಪ್ಪು ಸಾಲದು, ‘ಜೀವಿಸುತ್ತಿರಬೇಕು’. ಜೈಲಿಗೆ ಹಾಕುವುದಿಲ್ಲ ಎನ್ನುವುದಕ್ಕೂ ಸರಿ ಎಂದು ಒಪ್ಪುವುದಕ್ಕೂ ನಡುವೆ ಇಷ್ಟು ಜಾಗವಿದೆ. ‘ಕಾನೂನುಬದ್ಧ’ ಎಂದವರು ಈ ಜಾಗವನ್ನೇ ನುಂಗಿಬಿಟ್ಟರು.

‘ಅಕ್ರಮ ಸಂಬಂಧ’ದ ಬಗ್ಗೆ ಎರಡು ಮಾತು ಹೇಳದೆ ಮುಂದೆ ಹೋಗಲಾರೆ. ‘ಅಕ್ರಮ ಸಂಬಂಧಕ್ಕೆ ಅಡ್ಡಿ: ಪತಿಯ ಕೊಲೆ’. ಇಂಥ ಶೀರ್ಷಿಕೆಯನ್ನು ಎಷ್ಟು ಸಲ ಓದಿಲ್ಲ? ಇಲ್ಲಿ ಕಾನೂನು ಮುರಿದದ್ದು ಕೊಲೆ. ‘ಅಕ್ರಮ’ ಎಂಬ ವಿಶೇಷಣ ಹೋಗಿ ಕೂತದ್ದು ಸಂಬಂಧದ ತಲೆಯ ಮೇಲೆ. ಅಕ್ರಮ ಮರಳು ಸಾಗಣೆ, ಅಕ್ರಮ ಕಟ್ಟಡ ಸರಿ. ಸಂಬಂಧವನ್ನೂ ಆ ಸಾಲಿಗೆ ಸೇರಿಸಿದರೆ ಅದಕ್ಕೂ ಅಕ್ರಮ-ಸಕ್ರಮ ಯೋಜನೆಯಲ್ಲಿ ಅರ್ಜಿ ಹಾಕಬಹುದೇ? ‘ವಿವಾಹೇತರ ಸಂಬಂಧ’ ಎಂಬ ಸಾದಾ ಪದ ಕೈಯಲ್ಲಿದೆ, ಏನಾಯಿತೆಂದು ಹೇಳುತ್ತದೆ, ತೀರ್ಪು ಕೊಡುವುದಿಲ್ಲ. ಶೀರ್ಷಿಕೆಗೆ ಎರಡಕ್ಷರ ಉದ್ದ ಎನ್ನುವುದು ನೆಪ.

ಲಿವ್-ಇನ್ ವಿಷಯ ಬೇಗ ಮುಗಿಸಬಹುದು. ಪತ್ರಿಕೆಗಳು ‘ಸಹಜೀವನ’ ಎನ್ನುತ್ತವೆ, ಪರವಾಗಿಲ್ಲ. ನಟಿ ಖುಷ್ಬೂ ಮೇಲೆ ಹೂಡಿದ್ದ ಮೊಕದ್ದಮೆಗಳನ್ನು 2010ರಲ್ಲಿ ವಜಾಮಾಡುತ್ತ ಸುಪ್ರೀಂ ಕೋರ್ಟ್, ಮದುವೆಯಾಗದ ವಯಸ್ಕರು ಒಟ್ಟಿಗಿರುವುದು ಅಪರಾಧವಲ್ಲ ಎಂದು ಸ್ಪಷ್ಟಪಡಿಸಿತ್ತು. 2005ರ ಕೌಟುಂಬಿಕ ದೌರ್ಜನ್ಯ ಕಾಯ್ದೆ ‘ಮದುವೆಯ ಸ್ವರೂಪದ ಸಂಬಂಧ’ಕ್ಕೂ ರಕ್ಷಣೆ ಕೊಡುತ್ತದೆ. ಆದರೆ ಬೆಂಗಳೂರಿನಿಂದಲೇ ಹೋದ ಒಂದು ಪ್ರಕರಣದಲ್ಲಿ, ಗಂಡಸಿಗೆ ಮದುವೆಯಾಗಿದೆ ಎಂದು ತಿಳಿದೂ ಅವನೊಡನೆ ವರ್ಷಗಟ್ಟಲೆ ಬಾಳಿದ ಮಹಿಳೆಗೆ 2013ರಲ್ಲಿ ಆ ರಕ್ಷಣೆ ಸಿಗಲಿಲ್ಲ. ಅಲ್ಲಿ ಹಿಂದೆ ಕೊಟ್ಟ ಮಾತೊಂದಿತ್ತು, ಇನ್ನೊಬ್ಬ ಹೆಂಗಸಿಗೆ. ಮಾತು ಮುರಿದವನು ಗಂಡಸು, ಕಳೆದುಕೊಂಡವಳು ಈಕೆ. ಇದನ್ನು ನ್ಯಾಯ ಎನ್ನಲು ನನಗೆ ಬಾಯಿ ಬರುವುದಿಲ್ಲ.

ಇನ್ನು ‘ಕಮಿಟ್‌ಮೆಂಟ್’. ‘ಅವಳು ಕಮಿಟೆಡ್ಡು ಕಣೋ’ ಅಂದರೆ ಜೋಡಿ ಇದೆ ಎಂದು ಅರ್ಥ. ‘ತುಂಬಾ ಕಮಿಟ್‌ಮೆಂಟ್ಸ್ ಇದೆ ಸಾರ್’ ಅಂದರೆ ಮನೆ ಸಾಲದ ಕಂತು. ಎರಡನೆಯದನ್ನು ತಪ್ಪಿಸಿದರೆ ಬ್ಯಾಂಕಿನವರು ಫೋನ್ ಮಾಡುತ್ತಾರೆ, ಮೊದಲನೆಯದನ್ನು ತಪ್ಪಿಸಿದರೆ ಈಗಿನ ಹುಡುಗರು ‘ಚೀಟ್ ಮಾಡ್ದ’ ಅನ್ನುತ್ತಾರೆ, ‘ಕೈಕೊಟ್ಟ’ ಅನ್ನುತ್ತಾರೆ. ‘ಕೈಹಿಡಿದ’ ಅಂದರೆ ಮದುವೆಯಾದ, ‘ಕೈಕೊಟ್ಟ’ ಅಂದರೆ ಮೋಸ ಮಾಡಿದ. ತಾಳಿ ಇದ್ದರೂ ಇಲ್ಲದಿದ್ದರೂ ಇಬ್ಬರಲ್ಲಿ ಯಾರೇ ಮಾಡಿದರೂ ‘ಚೀಟಿಂಗ್’ ಚೀಟಿಂಗೇ. ನೀತಿ ಕೆಟ್ಟುಹೋಯಿತು ಎಂದು ಹಲುಬುವ ಹಿರಿಯರು ಗಮನಿಸಬೇಕು. ಈ ಪೀಳಿಗೆ ಮದುವೆಯನ್ನು ಪಕ್ಕಕ್ಕೆ ಸರಿಸಿದ್ದರೂ ನಂಬಿಕೆ ಮುರಿಯುವುದನ್ನು ಸುಲಭಕ್ಕೆ ಮಾಫಿ ಮಾಡಿಲ್ಲ. ವ್ಯಭಿಚಾರದ ಮೂಲಾರ್ಥಕ್ಕೆ 497ನೇ ಕಲಮಿಗಿಂತ ಇವರ ‘ಚೀಟ್’ ಹತ್ತಿರದ ನೆಂಟ.

ಹೊಸ ನ್ಯಾಯ ಸಂಹಿತೆಯ 69ನೇ ಕಲಂ ಕೂಡ ಈ ಕಡೆಗೇ ವಾಲಿದೆ. ಈಡೇರಿಸುವ ಉದ್ದೇಶವಿಲ್ಲದೆ ಮದುವೆಯ ಭರವಸೆ ಕೊಟ್ಟು ಹೆಣ್ಣನ್ನು ಕೂಡಿದರೆ ಹತ್ತು ವರ್ಷದವರೆಗೆ ಶಿಕ್ಷೆ. ಇಲ್ಲಿ ಅಪರಾಧ ಕೂಡಿದ್ದರಲ್ಲಿಲ್ಲ, ಸುಳ್ಳು ಮಾತಿನಲ್ಲಿದೆ. ಇದು ‘ಅತ್ಯಾಚಾರವಲ್ಲದ’ ಅಪರಾಧ ಎಂದು ಕಲಮೇ ಬಿಡಿಸಿ ಹೇಳುತ್ತದೆ. ಮರುದಿನದ ಪತ್ರಿಕೆಯಲ್ಲಿ ಮಾತ್ರ ಅದೇ ಹಳೆಯ ಅಚ್ಚು: ‘ಮದುವೆ ಆಮಿಷವೊಡ್ಡಿ ಅತ್ಯಾಚಾರ’.