ಹೊಸ ಕೈತೋಟದ ಖಾಲಿ ಜಾಗಗಳನ್ನು ಈಗಲೇ ತುಂಬಬೇಕೇ?

ಪ್ರಶ್ನೆ: ಚಿಕ್ಕಮಗಳೂರಿನ ನಮ್ಮ ಹೊಸ ಮನೆಯ ಸುತ್ತ ಕಳೆದ ಜೂನ್‌ನಲ್ಲಿ ಕೈತೋಟ ಮಾಡಿಸಿದೆವು. ಆರು ತಿಂಗಳಾದರೂ ಗಿಡಗಳ ನಡುವೆ ಬರೀ ಮಣ್ಣೇ ಕಾಣುತ್ತಿದೆ. ಇನ್ನಷ್ಟು ಗಿಡ ನೆಡುವುದೇ ಅಥವಾ ಗೊಬ್ಬರ ಹೆಚ್ಚಿಸುವುದೇ?

ಉತ್ತರ: ಸದ್ಯಕ್ಕೆ ಎರಡೂ ಬೇಡ. ನರ್ಸರಿಯ ಚೀಲದಲ್ಲಿ ಸುತ್ತಿಕೊಂಡು ಬೆಳೆದ ಬೇರು ಸುತ್ತಲಿನ ಮಣ್ಣಿಗೆ ಇಳಿಯುವವರೆಗೆ ಗಿಡದ ಮೇಲ್ಭಾಗ ಹೆಚ್ಚು ಬೆಳೆಯುವುದಿಲ್ಲ. ಜುಲೈ–ಆಗಸ್ಟ್‌ನ ಮಳೆಯಲ್ಲಿ ಮಣ್ಣು ನೀರುಂಡು ಗಾಳಿಯಾಡದೆ ಇದ್ದಾಗಲಂತೂ ಬೇರಿನ ಕೆಲಸವೂ ನಿಧಾನವಾಗುತ್ತದೆ. ಈಗ ಯೂರಿಯಾ ಕೊಟ್ಟರೆ ಎಳೆಯ ಚಿಗುರು ಬರುತ್ತದೆ, ಆದರೆ ಫೆಬ್ರುವರಿಯ ಒಣ ಗಾಳಿಯಲ್ಲಿ ಅದಕ್ಕೆ ಬೇಕಾದಷ್ಟು ನೀರನ್ನು ಈ ಚಿಕ್ಕ ಬೇರು ಒದಗಿಸಲಾರದು. ದಾಸವಾಳವೊಂದೇ ಮುಂದೆ ನಾಲ್ಕೈದು ಅಡಿ ಹರಡಿಕೊಳ್ಳುವ ಗಿಡ. ಇಂದಿನ ಖಾಲಿ ಜಾಗ ಅದರದೇ ಪಾಲು.

ಕಾಯಬೇಕೆನ್ನುವುದಕ್ಕೆ ನನ್ನ ದೃಷ್ಟಿಯಲ್ಲಿ ಇದಕ್ಕಿಂತ ದೊಡ್ಡ ಕಾರಣ ಬಿಸಿಲು. ನಿಮ್ಮ ಊರು ಸುಮಾರು 13.3 ಡಿಗ್ರಿ ಉತ್ತರ ಅಕ್ಷಾಂಶದಲ್ಲಿದೆ. ಹೀಗಾಗಿ ಡಿಸೆಂಬರ್‌ನಲ್ಲಿ ನಡುಹಗಲಿನ ಸೂರ್ಯ ದಕ್ಷಿಣಕ್ಕೆ ವಾಲಿರುವುದರಿಂದ ಮನೆಯ ಉತ್ತರದ ಪಾತಿ ಪೂರ್ತಿ ನೆರಳಿನಲ್ಲಿರುತ್ತದೆ; ಏಪ್ರಿಲ್ ಕೊನೆಯ ವಾರದಲ್ಲಿ ನೆತ್ತಿಯನ್ನು ದಾಟುವ ಸೂರ್ಯ ಆಗಸ್ಟ್ ಮಧ್ಯದವರೆಗೂ ನಡುಹಗಲಿನಲ್ಲಿ ಉತ್ತರದ ಕಡೆಗೇ ಇರುತ್ತಾನೆ. ಇಂದು ನೆರಳೆಂದು ನಂಬಿ ಆ ಪಾತಿಯಲ್ಲಿ ಆಂಥೂರಿಯಂ, ಜರಿಗಿಡಗಳನ್ನು ತುಂಬಿದರೆ ಮೇ ತಿಂಗಳ ಬಿಸಿಲಿಗೆ ಅವುಗಳ ಎಲೆ ಸುಡುತ್ತದೆ. ಆದ್ದರಿಂದ ಬೆಳಿಗ್ಗೆ ಕಾಫಿ ಕುಡಿಯುವಾಗ ಒಮ್ಮೆ, ಮಧ್ಯಾಹ್ನ ಒಮ್ಮೆ ತೋಟದ ಬೇರೆ ಬೇರೆ ಮೂಲೆಗಳಲ್ಲಿ ಕುಳಿತು, ಬಿಸಿಲು ಎಲ್ಲಿ ಎಷ್ಟು ಹೊತ್ತು ನಿಲ್ಲುತ್ತದೆಂದು ತಿಂಗಳಿಗೊಮ್ಮೆಯಾದರೂ ಬರೆದಿಡಿ. ಮೊದಲ ವರ್ಷದ ತೋಟದಲ್ಲಿ ನನಗೆ ಅತ್ಯಂತ ಇಷ್ಟವಾದ ಕೆಲಸವೇ ಇದು. ಹಕ್ಕಿಗಳು ಎಲ್ಲಿ ಕೂರುತ್ತವೆ, ಮನೆಯವರು ತಮಗೆ ತಾವೇ ಯಾವ ಹಾದಿ ಹಿಡಿದು ನಡೆಯುತ್ತಾರೆ ಎಂಬುದೂ ಹೀಗೆಯೇ ತಿಳಿಯುತ್ತದೆ.

ಹೊಸ ಮನೆಯಾದ್ದರಿಂದ ಗೋಡೆಯ ಬುಡದ ಮಣ್ಣನ್ನೂ ಗಮನಿಸಿ. ಮಲೆನಾಡಿನ ಹುಳಿ ಮಣ್ಣಿನಲ್ಲಿ ನೀಲಿಯಾಗಿ ಅರಳುವ ಹೈಡ್ರೇಂಜಿಯಾ ಸಿಮೆಂಟ್, ಸುಣ್ಣ ಬೆರೆತಲ್ಲಿ ಗುಲಾಬಿ ಬಣ್ಣಕ್ಕೆ ತಿರುಗಬಹುದು, ಅದು ಸುಂದರವೇ. ಆದರೆ ಅಲ್ಲಿನ ಕೇಪಳದ ಎಳೆಯ ಎಲೆಗಳು ನರ ಮಾತ್ರ ಹಸಿರಾಗಿ ಉಳಿದು ಹಳದಿಯಾದರೆ, ಗೊಬ್ಬರಕ್ಕೆ ಮೊದಲು ಕಟ್ಟಡದ ಚೂರುಗಳನ್ನು ಅಗೆದು ತೆಗೆಸಬೇಕು.

ಈಗಿನ ಮುಖ್ಯ ಕೆಲಸ ನೀರು ಮತ್ತು ಹೊದಿಕೆ. ದಿನವೂ ಮೇಲೆ ಮೇಲೆ ಚಿಮುಕಿಸುವ ಬದಲು, ಬೆರಳು ಇಳಿಸಿ ನೋಡಿ, ಮಣ್ಣು ಒಣಗಿದಾಗ ಬುಡಕ್ಕೆ ನಿಧಾನವಾಗಿ ಆಳಕ್ಕಿಳಿಯುವಂತೆ ಹಾಕಿದರೆ ಬೇರೂ ಕೆಳಗಿಳಿಯುತ್ತದೆ. ಖಾಲಿ ಮಣ್ಣಿನ ಮೇಲೆ ಎರಡು ಮೂರು ಅಂಗುಲ ದರಗು (ಒಣಗಿದ ಎಲೆ) ಹರಡಿ, ಕಾಂಡಕ್ಕೆ ಮಾತ್ರ ತಾಗಿಸಬೇಡಿ. ಮಾರ್ಚ್–ಏಪ್ರಿಲ್‌ನಲ್ಲಿ ಕಾಫಿ ಗಿಡವನ್ನು ಅರಳಿಸುವ ಹೂಮಳೆ ಬರುವವರೆಗೆ ಈ ಹೊದಿಕೆ ತೇವವನ್ನು ಹಿಡಿದಿಡುತ್ತದೆ.

ಅಷ್ಟಾದರೂ ಬರಿದೆನಿಸುವ ಜಾಗವಿದ್ದರೆ ಒಂದೇ ಹಂಗಾಮಿಗೆ ಮುಗಿಯುವ ಚೆಂಡುಹೂ, ಕಾಸ್ಮಾಸ್ ಬಿತ್ತಬಹುದು. ಮುಂಗಾರಿಗೆ ಮುನ್ನ ಡೇರೆ (ಡೇಲಿಯಾ) ಗೆಡ್ಡೆ ಹಾಕಿದರೆ ಮಳೆಗಾಲದುದ್ದಕ್ಕೂ ಹೂವಿರುತ್ತದೆ. ಶಾಶ್ವತ ಗಿಡಗಳನ್ನು ಸೇರಿಸುವ ತೀರ್ಮಾನವನ್ನು ಮುಂದಿನ ಸೆಪ್ಟೆಂಬರ್‌ಗೆ, ಒಂದು ಬೇಸಿಗೆ ಮತ್ತು ಒಂದು ಪೂರ್ತಿ ಮಳೆಗಾಲ ಕಳೆದ ನಂತರಕ್ಕೆ, ಇಟ್ಟುಕೊಳ್ಳಿ.