ಬಾಣ ಯಾವ ಕಡೆಗೆ?

ಪ್ರಶ್ನೆ: ಮಂಡ್ಯದ ಹತ್ತಿರ ನಮ್ಮದೊಂದು ಆಲೆಮನೆ ಇದೆ. ಬೆಲ್ಲದ ಆರ್ಡರ್ ವೆಬ್‌ಸೈಟ್‌ನಲ್ಲೇ ಬರುತ್ತದೆ. ಈಗ ಹೊಸ ಸರ್ವರ್‌ಗೆ ಹೋಗಬೇಕು. ಪಿಎಚ್‌ಪಿಮೈಅಡ್ಮಿನ್‌ನಲ್ಲಿ (ಬ್ರೌಸರ್‌ನಲ್ಲೇ ಡೇಟಾಬೇಸ್ ನೋಡಿಕೊಳ್ಳುವ ಪ್ರೋಗ್ರಾಂ) ಹಳೇ ಡೇಟಾಬೇಸ್ ಹಾಕಲು ಹೋದರೆ ಫೈಲ್ ದೊಡ್ಡದಾಯ್ತು ಅನ್ನುತ್ತದೆ. ಕಮಾಂಡ್ ಲೈನ್‌ನಲ್ಲಿ ಮಾಡೋದು ಹೇಗೆ ಸಾರ್?

ಉತ್ತರ: ಪಿಎಚ್‌ಪಿಮೈಅಡ್ಮಿನ್ ಓಡುವುದು ಪಿಎಚ್‌ಪಿ ಭಾಷೆಯಲ್ಲಿ, ಅದರಲ್ಲಿ ಅಪ್‌ಲೋಡ್ ಮಿತಿ ಮೊದಲಿಗೆ ಬರೀ 2 ಎಂಬಿ. ಹೋಸ್ಟಿಂಗ್‌ನವರು ಏರಿಸಿದ್ದರೂ ಎಲ್ಲೋ ಒಂದು ಕಡೆ ತಡೆ ಇದ್ದೇ ಇರುತ್ತದೆ. ಕಮಾಂಡ್ ಲೈನ್‌ನಲ್ಲಿ ಆ ಕಾಟ ಇಲ್ಲ.

ನಿಮ್ಮ ಡೇಟಾಬೇಸ್ ಸಾಫ್ಟ್‌ವೇರ್ ಮೈಎಸ್‌ಕ್ಯೂಎಲ್, ಡೇಟಾಬೇಸ್ ಹೆಸರು ‘ಬೆಲ್ಲ’ ಎಂದುಕೊಂಡು ಹೇಳುತ್ತೇನೆ. ಮೊದಲು ಡೇಟಾಬೇಸನ್ನು ಒಂದು ಫೈಲಿಗೆ ಇಳಿಸಬೇಕು, ಅದಕ್ಕೇ ಡಂಪ್ ಅನ್ನುವುದು. ಹಳೇ ಸರ್ವರ್‌ನಲ್ಲಿ ಹೀಗೆ ಹೊಡೆಯಿರಿ, ಇಂಗ್ಲಿಷ್ ಅಕ್ಷರದಲ್ಲಿ:

ಮೈಎಸ್‌ಕ್ಯೂಎಲ್‌ಡಂಪ್ -ಯು ಯೂಸರ್ -ಪಿ ಬೆಲ್ಲ > ಬೆಲ್ಲ.ಎಸ್‌ಕ್ಯೂಎಲ್

ಫೈಲನ್ನು ಹೊಸ ಸರ್ವರ್‌ಗೆ ಕಾಪಿ ಮಾಡಿ. ಅಲ್ಲಿ ‘ಬೆಲ್ಲ’ ಹೆಸರಿನ ಖಾಲಿ ಡೇಟಾಬೇಸ್ ಮಾಡಿಕೊಂಡು:

ಮೈಎಸ್‌ಕ್ಯೂಎಲ್ -ಯು ಯೂಸರ್ -ಪಿ ಬೆಲ್ಲ < ಬೆಲ್ಲ.ಎಸ್‌ಕ್ಯೂಎಲ್

-ಪಿ ಮುಂದೆ ಪಾಸ್‌ವರ್ಡ್ ಬರೆಯಬೇಡಿ, ಹೊಡೆದ ಕಮಾಂಡ್‌ಗಳ ಹಿಸ್ಟರಿಯಲ್ಲಿ ಉಳಿದುಬಿಡುತ್ತದೆ. ಸುಮ್ನೆ ಬಿಟ್ಟರೆ ಅದೇ ಕೇಳುತ್ತದೆ.

ಎರಡು ಸಾಲನ್ನೂ ಇನ್ನೊಮ್ಮೆ ನೋಡಿ. ಬಾಣ ತಿರುಗಿದೆ, ಅಲ್ವಾ? ಗಾಣದಿಂದ ಕೊಪ್ಪರಿಗೆಗೆ ಕಬ್ಬಿನ ಹಾಲು ಹರಿಯುತ್ತಲ್ಲ, ಬಾಣವೂ ಹಾಗೇ, ಮೂತಿ ಇದ್ದ ಕಡೆಗೆ ಡೇಟಾ ಹರಿಯುತ್ತದೆ. ಮೈಸೂರಿನ ನನ್ನ ರೂಮಲ್ಲಿ ಒಂದು ರಾತ್ರಿ ನಿದ್ದೆಗಣ್ಣಲ್ಲಿ ಎರಡನೇ ಸಾಲಿಗೆ ಮೊದಲನೆಯದರ ಬಾಣ ಹಾಕಿಬಿಟ್ಟೆ. ಪಾಸ್‌ವರ್ಡ್ ಕೇಳಿದಾಗ ತಪ್ಪು ಗೊತ್ತಾಗಿ ನಿಲ್ಲಿಸಿದೆ. ಪ್ರಯೋಜನ ಆಗಲಿಲ್ಲ. ಶೆಲ್ (ನಾವು ಹೊಡೆದ ಕಮಾಂಡ್ ಓದಿ ನಡೆಸುವ ಪ್ರೋಗ್ರಾಂ) ಮೊದಲು ಮಾಡುವ ಕೆಲಸವೇ ಬಾಣದ ಮುಂದಿನ ಫೈಲನ್ನು ಖಾಲಿ ಮಾಡುವುದು. ನನ್ನ ಬ್ಯಾಕಪ್ 0 ಬೈಟ್ ಆಗಿತ್ತು! ಅವತ್ತಿಂದ ಬ್ಯಾಕಪ್‌ನ ಇನ್ನೊಂದು ಕಾಪಿ ಇಡದೆ ರಿಸ್ಟೋರ್‌ಗೆ ಕೈ ಹಾಕುವುದಿಲ್ಲ.

ಇನ್ನೊಂದು ಅಪಾಯ: ಡಂಪ್ ಫೈಲಿನೊಳಗೆ ‘ಹಳೇ ಟೇಬಲ್ ಇದ್ದರೆ ಅಳಿಸು’ ಎನ್ನುವ ಸಾಲುಗಳು ತಾವಾಗಿಯೇ ಬಂದಿರುತ್ತವೆ. ಆರ್ಡರ್ ಬರುತ್ತಿರುವ ಡೇಟಾಬೇಸ್ ಮೇಲೆ ಸುರಿದರೆ ಹೊಸ ಆರ್ಡರ್‌ಗಳೆಲ್ಲ ಹೋದವು ಅಂತಲೇ. ಅದಕ್ಕೇ ಖಾಲಿ ಡೇಟಾಬೇಸ್ ಅಂದದ್ದು. ಡಂಪ್ ತೆಗೆಯುವ ಮುಂಚೆ ಹಳೇ ಸೈಟನ್ನೂ ಸ್ವಲ್ಪ ಹೊತ್ತು ಮುಚ್ಚಿಡಿ.

ಕನ್ನಡ ಕೆಡುತ್ತದಾ ಎಂದು ಜಾಸ್ತಿ ಜನ ಕೇಳುತ್ತಾರೆ. ಅಕ್ಷರಗಳನ್ನು ಬೈಟ್‌ಗಳಾಗಿ ಬರೆದಿಡುವ ಪದ್ಧತಿಗೆ ಕ್ಯಾರೆಕ್ಟರ್ ಸೆಟ್ ಅನ್ನುತ್ತಾರೆ. ಮೈಎಸ್‌ಕ್ಯೂಎಲ್‌ನ ಹಳೇ ಕ್ಯಾರೆಕ್ಟರ್ ಸೆಟ್ ಯುಟಿಎಫ್8ನಲ್ಲಿ ಒಂದು ಅಕ್ಷರಕ್ಕೆ ಹೆಚ್ಚೆಂದರೆ 3 ಬೈಟ್. ಕನ್ನಡಕ್ಕೆ ಬೇಕಾದ್ದೂ 3, ಹಾಗಾಗಿ ಅದು ದಾಟಿಕೊಳ್ಳುತ್ತದೆ. ಗ್ರಾಹಕರು ಹಾಕಿದ ಇಮೋಜಿಗೆ 4 ಬೇಕು. ಅದು ಪ್ರಶ್ನಾರ್ಥಕ ಚಿಹ್ನೆ ಆಗಿಬಿಡಬಹುದು. ಎರಡೂ ಕಡೆ ಕ್ಯಾರೆಕ್ಟರ್ ಸೆಟ್ ಯುಟಿಎಫ್8ಎಂಬಿ4 ಎಂದೇ ಕೊಡಿ.

ಡಂಪ್ ಆದ ಮೇಲೆ ‘ಟೇಲ್’ ಕಮಾಂಡ್ ಹಾಕಿ ಫೈಲಿನ ಕೊನೆ ಸಾಲು ನೋಡಿ. ‘ಡಂಪ್ ಕಂಪ್ಲೀಟೆಡ್’ ಎಂದಿಲ್ಲದಿದ್ದರೆ ಮಧ್ಯದಲ್ಲೇ ನಿಂತಿರಬಹುದು, ಇನ್ನೊಮ್ಮೆ ತೆಗೆಯಿರಿ. ಬೆಲ್ಲದ ಫೋಟೋಗಳು ಸಾಮಾನ್ಯವಾಗಿ ಡೇಟಾಬೇಸ್‌ನಲ್ಲಿ ಇರುವುದಿಲ್ಲ. ಆ ಫೋಲ್ಡರನ್ನು ಬೇರೆಯಾಗಿ ಕಾಪಿ ಮಾಡಿಕೊಳ್ಳಿ.